ದೆಹಲಿಯ ಹಳೇ ಲಕ್ಸುರಿ ಕಾರಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಒಂಬತ್ತೂವರೆ ಲಕ್ಷಕ್ಕೆ ಜರ್ಮನ್ ಕಾರು. 2013ರ ಮಾಡೆಲ್, ಡೀಸೆಲ್, ಆಟೋಮ್ಯಾಟಿಕ್, ಮೀಟರ್‌ನಲ್ಲಿ 58,000 ಕಿ.ಮೀ. ಹೊಸದಿದ್ದಾಗ ನಲವತ್ತು ಲಕ್ಷ ದಾಟಿದ್ದ ಗಾಡಿ. 2022ರಲ್ಲಿ ತೆಗೆದುಕೊಂಡೆ, 26 ತಿಂಗಳು ಇಟ್ಟುಕೊಂಡು ಮಾರಿದೆ. ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ನಮ್ಮ ಆಫೀಸಿನ ಹುಡುಗನೊಬ್ಬ ಇದೇ ಥರದ ಕಾರಿನ ಫೋಟೋ ತೋರಿಸಿ "ಅಣ್ಣ, ಅಡ್ವಾನ್ಸ್ ಕೊಟ್ಬಿಡ್ಲಾ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕಂಪನಿ ಹೆಸರು, ಮಾರಿದವರ ಹೆಸರು ಬೇಡ. ಈ ವರ್ಗದ ಕಾರುಗಳಿಗೆ ವಯಸ್ಸಾದ ಮೇಲೆ ಬರುವ ಕಾಯಿಲೆಗಳು ಹೆಚ್ಚುಕಮ್ಮಿ ಒಂದೇ.

ಮೊದಲು ಬೆಲೆ ಯಾಕೆ ಅಷ್ಟು ಕಡಿಮೆ ಅಂತ ತಿಳಿದುಕೊಳ್ಳಿ. ದೆಹಲಿ ಮತ್ತು ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಅಂತ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಸಡಿಲಿಸುವವರೆಗೂ, ಎಂಟು, ಒಂಬತ್ತು ವರ್ಷ ಆಗುತ್ತಿದ್ದಂತೆ ಅಲ್ಲಿನವರು ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದರು, ಅವೇ ಗಾಡಿಗಳು ಲಾರಿ ಹತ್ತಿ ಬೆಂಗಳೂರಿಗೆ ಬರುತ್ತಿದ್ದವು. ಮಾರುವವರು ಒಂದು ತಿಂಗಳಿಂದ ಖರ್ಚು ಮಾಡುವುದನ್ನೇ ನಿಲ್ಲಿಸಿದ್ದಾರೆ ಅಂತ ನಾವು ಅರ್ಥ ಮಾಡಿಕೊಳ್ಳಬೇಕು. ಒಂದು ತಿಂಗಳಲ್ಲ, ಎಷ್ಟೋ ಸಲ ಒಂದು ವರ್ಷದಿಂದ. ಹೇಗೂ ಮಾರುವ ಗಾಡಿಗೆ ಆಯಿಲ್ ಯಾರು ಬದಲಾಯಿಸುತ್ತಾರೆ?

ಆಮೇಲೆ ಟ್ಯಾಕ್ಸು. ಹೊರರಾಜ್ಯದ ಗಾಡಿಯನ್ನು ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು, ಜೀವಿತಾವಧಿ ತೆರಿಗೆ ಕಟ್ಟಲೇಬೇಕು. ಆ ತೆರಿಗೆಯನ್ನು ನೀವು ಕೊಟ್ಟ ಒಂಬತ್ತೂವರೆ ಲಕ್ಷದ ಮೇಲೆ ಲೆಕ್ಕ ಹಾಕುವುದಿಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಕಳೆದು ಹಾಕುತ್ತಾರೆ. ಮಾರಿದವರು "ಒಂದು ಲಕ್ಷದೊಳಗೆ ಆಗುತ್ತೆ ಸಾರ್, ಎನ್‌ಒಸಿ ಎಲ್ಲಾ ನಾವೇ ಮಾಡಿಸಿಕೊಡ್ತೀವಿ" ಅಂದಿದ್ದರು. ಎನ್‌ಒಸಿ, ಅಂದರೆ ದೆಹಲಿ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಬರಲು ನಾಲ್ಕು ತಿಂಗಳು ಹಿಡಿಯಿತು. ಆರ್‌ಟಿಒದಲ್ಲಿ ಕಟ್ಟಿದ್ದು ಮೂರೂವರೆ ಲಕ್ಷಕ್ಕಿಂತ ಮೇಲೆ. ಅಲ್ಲಿಗೆ ಕಾರು ಹದಿಮೂರು ಲಕ್ಷದ್ದಾಯಿತು, ಇನ್ನೂ ಒಂದು ಸ್ಪ್ಯಾನರ್ ಮುಟ್ಟಿಸಿರಲಿಲ್ಲ.

ಐದನೇ ತಿಂಗಳು. ಬೆಳಿಗ್ಗೆ ಹಾಲು ತರಲು ಹೊರಗೆ ಹೋದ ನನ್ನ ಹೆಂಡತಿ ವಾಪಸ್ ಬಂದು "ರೀ, ಕಾರು ಒಂದು ಕಡೆ ವಾಲಿದ ಹಾಗಿದೆ ಅಲ್ವಾ?" ಅಂದಳು. ಹೋಗಿ ನೋಡಿದೆ. ಹಿಂದಿನ ಎಡಗಡೆ ಚಕ್ರದ ಮೇಲೆ ಕಾರು ಕೂತುಬಿಟ್ಟಿತ್ತು. ಟೈರಿಗೂ ಬಾಡಿಗೂ ನಡುವೆ ಎರಡು ಬೆರಳು ತೂರಿಸುವಷ್ಟೂ ಜಾಗ ಇಲ್ಲ, ಬಲಗಡೆ ಅಂಗೈ ಹೋಗುತ್ತದೆ. ಇಂಜಿನ್ ಶುರು ಮಾಡಿದರೆ ಡಿಕ್ಕಿ ಹತ್ತಿರ ಗೊರ್ ಅಂತ ಸದ್ದು, ನಿಧಾನಕ್ಕೆ ಮೇಲೆದ್ದಿತು. ಸರಿಹೋಯಿತು ಅಂದುಕೊಂಡು ಮೂರು ವಾರ ಹಾಗೇ ಓಡಿಸಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಈ ಕಾರುಗಳ ಏರ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಬದಲು ರಬ್ಬರಿನ ಗಾಳಿಚೀಲ ಇರುತ್ತದೆ. ರಬ್ಬರು ಹಳತಾಗಿ ಬಿರುಕು ಬಿಟ್ಟರೆ ರಾತ್ರಿಯಿಡೀ ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಿಸಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕೊನೆಗೆ ಅದೂ ಸುಟ್ಟುಹೋಗುತ್ತದೆ. ಮೊದಲ ದಿನವೇ ಗ್ಯಾರೇಜಿಗೆ ಹೋಗಿದ್ದರೆ ಚೀಲದ ಖರ್ಚಲ್ಲೇ ಮುಗಿಯುತ್ತಿತ್ತು. ಎರಡು ಚೀಲ, ಒಂದು ಕಂಪ್ರೆಸರ್, ಕೂಲಿ ಸೇರಿ ಎರಡು ಲಕ್ಷದ ಹತ್ತು ಸಾವಿರ.

ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದೆ, ಶಿವಾಜಿನಗರದ ಗುಜರಿಯಲ್ಲೂ ಕೇಳಿದೆ. ಹಳೇ ಗಾಳಿಚೀಲ ಸಿಗುತ್ತದೆ, ಆದರೆ ಅದೂ ಅಷ್ಟೇ ವಯಸ್ಸಿನ ರಬ್ಬರು, ಅದನ್ನು ಹಾಕಿಸಿ ಏನು ಪ್ರಯೋಜನ? ಅವತ್ತು ನನಗೆ ಸರಿಯಾಗಿ ತಲೆಗೆ ಹೋಯಿತು: ಕಾರಿನ ಬೆಲೆ ಮಾತ್ರ ಕಾಲು ಭಾಗಕ್ಕೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಅದು ಇವತ್ತಿಗೂ ನಲವತ್ತು ಲಕ್ಷದ ಕಾರಿನದೇ ರೇಟು.

ಗೇರ್‌ಬಾಕ್ಸ್ ಹದಿನಾಲ್ಕನೇ ತಿಂಗಳಿಗೆ ಕೈಕೊಟ್ಟಿತು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎರಡರಿಂದ ಒಂದಕ್ಕೆ ಇಳಿಯುವಾಗ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಜರ್ಕ್. ಗೇರ್‌ಬಾಕ್ಸ್ ಆಯಿಲ್ "ಲೈಫ್‌ಟೈಮ್", ಬದಲಾಯಿಸುವುದೇ ಬೇಡ ಅಂತ ಮಾರಾಟಗಾರರು ಹೇಳಿದ್ದರು, ಇದನ್ನು ಬಹಳ ಜನ ನಂಬುತ್ತಾರೆ. ಆದರೆ ಬಿಎಂಡಬ್ಲ್ಯೂದಿಂದ ಹಿಡಿದು ಎಷ್ಟೋ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ಲಕ್ಷ ಕಿ.ಮೀ. ಆಸುಪಾಸಿನಲ್ಲಿ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ನನ್ನದರಲ್ಲಿ ಹತ್ತು ವರ್ಷದ ಆಯಿಲ್ ಇತ್ತು. ಮೆಕ್ಯಾನಿಕ್ ಅಡಿಯ ಪ್ಯಾನ್ ಬಿಚ್ಚಿ ತೋರಿಸಿದ. ಡಿಕಾಕ್ಷನ್ ಥರ ಕಪ್ಪು, ಒಳಗಿನ ಅಯಸ್ಕಾಂತದ ತುಂಬಾ ಕಬ್ಬಿಣದ ಪುಡಿ ಕೆಸರಿನ ಹಾಗೆ ಅಂಟಿತ್ತು. ಆ ಪ್ಯಾನ್ ಪ್ಲಾಸ್ಟಿಕ್‌ನದು, ಫಿಲ್ಟರ್ ಅದರೊಳಗೇ ಇರುತ್ತದೆ, ಹಾಗಾಗಿ ಫಿಲ್ಟರ್ ಬದಲಾಯಿಸಬೇಕು ಅಂದರೆ ಪ್ಯಾನ್ ಪೂರ್ತಿ ಹೊಸದೇ. ಗೇರ್ ಹಾಕುವ ಕಂಟ್ರೋಲ್ ಭಾಗ ರಿಪೇರಿ ಸೇರಿ ಎರಡು ಲಕ್ಷದ ನಲವತ್ತು ಸಾವಿರ.

ಆಗಲೇ ನಿಜವಾದ ಕಿಲೋಮೀಟರ್ ಕೂಡ ಗೊತ್ತಾಯಿತು. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೇ ದಾಖಲೆ ತೆಗೆಸಿದೆ. ನನಗೆ ಮಾರುವ ಎರಡು ವರ್ಷ ಮೊದಲೇ ಈ ಕಾರು 1,32,000 ಕಿ.ಮೀ. ಓಡಿತ್ತು. ಆ ಸಂಜೆ ಮನೆಗೆ ಬಂದು ಊಟ ಸೇರಲಿಲ್ಲ. ದುಡ್ಡು ಹೋದದ್ದಕ್ಕಿಂತ, ನನ್ನ ಎದುರೇ ಕೂತು ಟೀ ಕುಡಿಸಿ, "ಒಬ್ಬರೇ ಡಾಕ್ಟರ್ ಓಡಿಸಿದ್ದು ಸಾರ್" ಅಂತ ಹೇಳಿದ್ದರಲ್ಲ, ಅದು ತುಂಬಾ ನೋಯಿಸಿತು.

ಉಳಿದದ್ದು ಬೇಗ ಹೇಳುತ್ತೇನೆ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್ ನಾಲ್ಕಕ್ಕೆ 88,000. ದಿನವೂ ಟ್ರಾಫಿಕ್‌ನಲ್ಲೇ ಓಡಿಸಿದ್ದಕ್ಕೆ ಹೊಗೆ ಸೋಸುವ ಡಿಪಿಎಫ್ ಕಟ್ಟಿಕೊಂಡಿತು, 45,000. ಅದಕ್ಕೆ ಆಗಾಗ ಹೈವೇ ಓಟ ಬೇಕು, ಆಗಲೇ ಒಳಗಿನ ಮಸಿ ಸುಟ್ಟುಹೋಗುವುದು. ಬ್ಯಾಟರಿ 28,000, ಹಾಕಿದ ಮೇಲೆ ಕಾರಿನ ಕಂಪ್ಯೂಟರ್‌ನಲ್ಲಿ ದಾಖಲು ಮಾಡಿಸಬೇಕು. ಎರಡು ಮಾಮೂಲಿ ಸರ್ವಿಸ್‌ಗೆ 76,000. ಗಾಳಿಚೀಲ, ಗೇರ್‌ಬಾಕ್ಸ್ ಎಲ್ಲ ಸೇರಿ 6.87 ಲಕ್ಷ. ಓಡಿಸಿದ್ದು 17,000 ಕಿ.ಮೀ. ಡೀಸೆಲ್, ವಿಮೆ, ಟ್ಯಾಕ್ಸು ಎಲ್ಲಾ ಬಿಟ್ಟು ಕಿ.ಮೀ.ಗೆ 40 ರೂಪಾಯಿ.

ನಮ್ಮ ಭಾವನ ಹತ್ತಿರ 2015ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಇದೆ. ಇಲ್ಲೇ ಬಿಡದಿಯಲ್ಲಿ ಜೋಡಿಸಿದ್ದು, ಕೆಎ ನಂಬರ್, ಮೊದಲ ಮಾಲೀಕರಿಂದಲೇ ಹನ್ನೊಂದು ಲಕ್ಷಕ್ಕೆ ತೆಗೆದುಕೊಂಡರು. ಮೂರು ವರ್ಷದಲ್ಲಿ 30,000 ಕಿ.ಮೀ., ಸರ್ವಿಸ್, ಬ್ರೇಕ್ ಪ್ಯಾಡ್ ಎಲ್ಲ ಸೇರಿ 1.4 ಲಕ್ಷ. ಕಿ.ಮೀ.ಗೆ ಐದು ರೂಪಾಯಿಯೂ ಇಲ್ಲ. ಅದರಲ್ಲಿ ಗಾಳಿಚೀಲ ಇಲ್ಲ, ಡಿಪಿಎಫ್ ಇಲ್ಲ, ಮಾಮೂಲಿ ಆಟೋಮ್ಯಾಟಿಕ್‌ನಂತೆ ಗೇರ್ ಬದಲಿಸುವ ಗೇರ್‌ಬಾಕ್ಸೂ ಇಲ್ಲ. ಹೈಬ್ರಿಡ್ ಬ್ಯಾಟರಿ ಹೋದರೆ ಲಕ್ಷಗಟ್ಟಲೆ ಖರ್ಚು, ಅದು ನಿಜ, ಅದಕ್ಕೇ ಆ ಬ್ಯಾಟರಿಯನ್ನು ತಣ್ಣಗಿಡುವ, ಹಿಂದಿನ ಸೀಟಿನ ಹತ್ತಿರದ ಫ್ಯಾನ್‌ನ ಧೂಳನ್ನು ಅವರು ವರ್ಷಕ್ಕೊಮ್ಮೆ ತೆಗೆಸುತ್ತಾರೆ. ಜರ್ಮನ್ ಕಾರು ಓಡಿಸುವ ಖುಷಿಯೇ ಬೇರೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಬೇಕೇ ಬೇಕು ಅಂದರೆ ಕಾರಿನ ಬೆಲೆಯ ಅರ್ಧದಷ್ಟು ದುಡ್ಡು ಬ್ಯಾಂಕಿನಲ್ಲಿ ಪಕ್ಕಕ್ಕಿಟ್ಟುಕೊಂಡು ಕೈಹಾಕಿ.

ನೋಡಲು ಹೋಗುವಾಗ ಬೆಳಿಗ್ಗೆ ಬೇಗ, ಇಂಜಿನ್ ತಣ್ಣಗಿರುವಾಗ ಹೋಗಿ, ಯಾವುದಾದರೂ ಕಡೆ ವಾಲಿದೆಯಾ ನೋಡಿ. ಬ್ರೇಕ್ ಪೆಡಲ್‌ನ ರಬ್ಬರು ಸವೆದು ನುಣ್ಣಗಾಗಿದ್ದರೆ 58,000 ಅನ್ನುವ ಮೀಟರನ್ನು ನಂಬಬೇಡಿ. ಸ್ಕ್ಯಾನರ್ ಇರುವ ಮೆಕ್ಯಾನಿಕ್‌ಗೆ ಎರಡು ಮೂರು ಸಾವಿರ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್‌ಗಳನ್ನು ಅವತ್ತು ಬೆಳಿಗ್ಗೆಯೇ ಅಳಿಸಿದ್ದರೂ ಅದರ ಸುಳಿವು ಸ್ಕ್ಯಾನರ್‌ನಲ್ಲಿ ಸಿಗುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಕಂಡರೆ ಅದು ನೀರಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲೇ ಎಷ್ಟು ದೊಡ್ಡ ಕಾರುಗಳು ಮುಳುಗಿದವು, ನೆನಪಿದೆ ಅಲ್ವಾ? ಚಾಸಿ ನಂಬರ್ ಕೊಡಲು ಮಾರುವವರು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ನನ್ನ ಕಾರು ನೋಡಲು ತುಮಕೂರಿನಿಂದ ಅಪ್ಪ ಮಗ ಬಂದಿದ್ದರು. ಮಗನಿಗೆ ಇಪ್ಪತ್ತೈದು ಇರಬಹುದು, ಕಾರಿನ ಸುತ್ತ ಸುತ್ತುತ್ತಲೇ ಇದ್ದ. ನಾನು ಬಿಲ್‌ಗಳ ಫೈಲ್ ತಂದು ಅಪ್ಪನ ಕೈಗೆ ಕೊಟ್ಟೆ, ನಿಜವಾದ ಕಿಲೋಮೀಟರ್ ದಾಖಲೆ ಮೇಲೆಯೇ ಇಟ್ಟಿದ್ದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು, ಗೇರ್‌ಬಾಕ್ಸ್ ಬಿಲ್ ಹತ್ತಿರ ನಿಂತು ಮಗನನ್ನು ಕರೆದು ತೋರಿಸಿದರು. ಆಮೇಲೆ ಫೈಲ್ ವಾಪಸ್ ಕೊಟ್ಟು "ಬೇಡ ಬಿಡಿ ಸಾರ್, ತೋರಿಸಿದ್ದು ಒಳ್ಳೇದಾಯ್ತು" ಅಂತ ಕೈಮುಗಿದು ಹೊರಟರು. ಕೊನೆಗೆ ಕಾರನ್ನು ತೆಗೆದುಕೊಂಡದ್ದು ಇಂಥವನ್ನೇ ರಿಪೇರಿ ಮಾಡುವ ಒಬ್ಬ ಗ್ಯಾರೇಜಿನವರು, ನಾಲ್ಕೂಕಾಲು ಲಕ್ಷಕ್ಕೆ.