ಸೆಸ್ನಾ 172ಎಸ್: ಅಡ್ಡಗಾಳಿಯಲ್ಲಿ ಇಳಿಸಲು ಹೇಗಿದೆ?

ಕೈಪಿಡಿಯಲ್ಲಿ ಈ ಪುಟ್ಟ ತರಬೇತಿ ವಿಮಾನದ ಅಡ್ಡಗಾಳಿಗೆ, ಅಂದರೆ ರನ್‌ವೇಗೆ ಅಡ್ಡಲಾಗಿ ಬೀಸುವ ಗಾಳಿಗೆ, ಕೊಟ್ಟಿರುವ ಅಂಕಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.). ಅದು ನಿಷೇಧದ ಗೆರೆಯಲ್ಲ, ಪರೀಕ್ಷಾ ಹಾರಾಟದಲ್ಲಿ ಇಳಿಸಿ ತೋರಿಸಿದ ಗಾಳಿ. ಹಾಗೆಂದು ಹೊಸ ಪೈಲಟ್ ಅದನ್ನೇ ತನ್ನ ಮಿತಿ ಎಂದುಕೊಳ್ಳಬಾರದು. ನೋಡಬೇಕಾದ್ದು ಗಾಳಿಯ ಅಡ್ಡಪಾಲು: 20 ನಾಟ್ ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸಿದರೆ 10 ನಾಟ್, 60 ಡಿಗ್ರಿಯಾದರೆ 17ಕ್ಕೂ ಹೆಚ್ಚು.

172ರ ದೊಡ್ಡ ಗುಣ ಅದರ ಮುಂಚಕ್ರ. ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಆಡಿಸುವ ಕಾಲಿನ ಪೆಡಲ್‌ಗೂ ಈ ಚಕ್ರಕ್ಕೂ ನಡುವೆ ಸ್ಪ್ರಿಂಗ್ ಇದೆ. ಹಾರುತ್ತಿರುವಾಗ ಚಕ್ರದ ಕಾಲು (ಸ್ಟ್ರಟ್) ಪೂರ್ತಿ ಚಾಚಿಕೊಂಡು ಚಕ್ರ ನೇರವಾಗಿ ನಿಲ್ಲುತ್ತದೆ. ಇನ್ನೊಂದು ಪುಟ್ಟ ವಿಮಾನ ಪೈಪರ್ ಪಿಎ-28ರಲ್ಲಿ ಚಕ್ರ ಪೆಡಲ್ ಜೊತೆಯೇ ತಿರುಗುವುದರಿಂದ ಮೂತಿ ಇಳಿಸುವ ಮೊದಲು ರಡ್ಡರ್ ಸಡಿಲಿಸಲೇಬೇಕು. 172ರಲ್ಲಿ ಓರೆಯಾದ ಚಕ್ರ ನೆಲ ತಾಗಿ ವಿಮಾನ ಪಕ್ಕಕ್ಕೆ ಎಳೆಯುವ ಭಯ ಕಡಿಮೆ. ಕಲಿಯುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ರಡ್ಡರ್ ಬಲವೂ ಸಾಕಷ್ಟಿದೆ. ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಎದುರು ಪೆಡಲ್ ಒತ್ತಿ ಮೂತಿಯನ್ನು ನಡುಗೆರೆಗೆ ನೇರ ಮಾಡಿ. ಪಕ್ಕಕ್ಕೆ ಜಾರುವುದನ್ನು ತಡೆಯುವುದು ಏಲೆರಾನ್ (ರೆಕ್ಕೆಯನ್ನು ಏರಿಳಿಸುವ, ರೆಕ್ಕೆಯಂಚಿನ ಹಲಗೆ), ಮೂತಿಯನ್ನು ನೇರವಾಗಿಡುವುದು ರಡ್ಡರ್. ಎರಡರ ಕೆಲಸ ಬೆರೆಸಿದರೆ ಅಂಕುಡೊಂಕು ಶುರು. ನೆಲದಿಂದ ಇನ್ನೂ ಎತ್ತರದಲ್ಲಿರುವಾಗಲೇ ಈ ಭಂಗಿ ಹಿಡಿದು ನೋಡಿ. ಪೂರ್ತಿ ಪೆಡಲ್ ಒತ್ತಿದರೂ ಮೂತಿ ನೇರವಾಗದಿದ್ದರೆ ಆ ರನ್‌ವೇ ಆ ಹೊತ್ತಿಗೆ ನಿಮ್ಮದಲ್ಲ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ (ಗೋ ಅರೌಂಡ್).

ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಕೆಳಗಿಳಿಸುವ ಹಲಗೆ) ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಜೋರು ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಸಾಕಾಗುವಷ್ಟೇ ಫ್ಲ್ಯಾಪ್ ಇಳಿಸಿ ಎನ್ನುತ್ತದೆ ಕೈಪಿಡಿ. 20 ಡಿಗ್ರಿ ದಾಟಿಸಿ ಪೂರ್ತಿ ರಡ್ಡರ್ ಒತ್ತಿ ಜಾರಿಸಿದರೆ ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ತುಸು ಅದುರಬಹುದು. ವಿಮಾನ ಹಿಡಿತ ತಪ್ಪುವುದಿಲ್ಲ, ಆದರೆ ಗೊತ್ತಿಲ್ಲದವರು ಬೆಚ್ಚಿಬಿದ್ದು ಪೆಡಲ್ ಬಿಟ್ಟುಬಿಡುತ್ತಾರೆ. ಗಾಳಿ 12 ನಾಟ್, ಗಸ್ಟ್ (ಆಗಾಗ ಬರುವ ರಭಸದ ಬೀಸು) 20 ಇದ್ದರೆ ವ್ಯತ್ಯಾಸದ ಅರ್ಧ, ಅಂದರೆ 4 ನಾಟ್ ವೇಗಕ್ಕೆ ಸೇರಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಸೇರಿಸಿದರೆ ವಿಮಾನ ತೇಲುತ್ತಲೇ ಹೋಗುತ್ತದೆ. ಬಲವಂತವಾಗಿ ಕೂರಿಸಿದರೆ ಭಾರವೆಲ್ಲ ಮುಂಚಕ್ರದ ಮೇಲೆ ಬಿದ್ದು ಮೂತಿ ತಿರುಗುತ್ತದೆ.

ಇದರ ನಿಜವಾದ ದೌರ್ಬಲ್ಯ ಕಾಣುವುದು ಚಕ್ರ ನೆಲ ಮುಟ್ಟಿದ ಮೇಲೆ. ಹಗುರ ವಿಮಾನ, ಮೇಲೆ ಅಗಲ ರೆಕ್ಕೆ. ಏಲೆರಾನ್ ಸಡಿಲಿಸಿದ ಕ್ಷಣ ಗಾಳಿ ಆ ಕಡೆಯ ರೆಕ್ಕೆಯನ್ನು ಎತ್ತುತ್ತದೆ. ಮೊದಲು ಗಾಳಿಕಡೆಯ ಚಕ್ರ, ಆಮೇಲೆ ಇನ್ನೊಂದು, ಕೊನೆಗೆ ಮೂತಿ ಇಳಿಯಲಿ. ವೇಗ ಇಳಿದಂತೆ ಏಲೆರಾನ್ ಹೆಚ್ಚಿಸುತ್ತ ಗಾಳಿಯ ಕಡೆಗೆ ಪೂರ್ತಿ ತಿರುಗಿಸಿ, ಟ್ಯಾಕ್ಸಿವೇಗೆ ತಿರುಗುವವರೆಗೂ ಹಾಗೇ ಹಿಡಿದಿರಿ.