ಹೊಳೆ ದಂಡೆಯ ಮೋಟರ್ ಎಳೆಯುವ ಕೈ ವಿಂಚ್: ಐದು ವರ್ಷ ಬಳಸಿದ ಮೇಲೆ

ಹಿಡಿಕೆ ತಿರುಗಿಸಿ, ಡ್ರಮ್‌ಗೆ ಕೇಬಲ್ ಸುತ್ತಿ ಭಾರ ಎಳೆಯುವ ಈ ವಿಂಚ್‌ಗೆ ನಾಲ್ಕು ಸ್ಟಾರ್. ಅದರ ಜೊತೆ ಸುತ್ತಿಕೊಂಡು ಬಂದ ತಂತಿ ಹಗ್ಗಕ್ಕೆ, ಅಂದರೆ ಕೇಬಲ್‌ಗೆ ಒಂದು, ಅದೂ ಕೊಡಲೇಬೇಕು ಅಂತ ಇರುವುದರಿಂದ.

ಗಂಗಾವತಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೇ ನಮ್ಮ ಗದ್ದೆ. ಆಚೆ ದಡ ಕಂಪ್ಲಿ, ಬಳ್ಳಾರಿ ಜಿಲ್ಲೆ. ಹೊಳೆ ಇಳಿದರೆ ಮೋಟರನ್ನು ಕೆಳಗೆ ಬಿಡಬೇಕು, ಡ್ಯಾಮಿನಿಂದ ನೀರು ಬಿಟ್ಟರೆ ಮೇಲೆ ಎಳೆಯಬೇಕು. ಏಳೂವರೆ ಎಚ್‌ಪಿ ಮೋಟರು, ಅದರ ಬೇಸು, ಕಬ್ಬಿಣದ ಟ್ರಾಲಿ, ಎಲ್ಲ ಸೇರಿ ಎರಡೂವರೆ ಕ್ವಿಂಟಲ್. ಮೊದಲು ಇದಕ್ಕೆ ಆರು ಜನ, ಒಂದು ನೈಲಾನ್ ಹಗ್ಗ, ಒಂದಿಷ್ಟು ಬೈಗುಳ ಬೇಕಾಗುತ್ತಿದ್ದವು. 2020ರ ಜನವರಿಯಲ್ಲಿ 1,200 ಪೌಂಡಿನ, ಅಂದರೆ ಸುಮಾರು 545 ಕೆಜಿಯ ಕೈ ವಿಂಚ್ ತಂದು ದಂಡೆಯ ಮೇಲೆ ಸಿಮೆಂಟ್ ಕಂಬಕ್ಕೆ ಬೋಲ್ಟ್ ಹಾಕಿದೆ. ಅಲ್ಲಿಂದ ನಾನೊಬ್ಬನೇ ಸಾಕು.

ಆ 545 ಕೆಜಿಯನ್ನು ಪೂರ್ತಿ ನಂಬಬೇಡಿ. ಅದು ಡ್ರಮ್ ಮೇಲೆ ಮೊದಲ ಸುತ್ತು ಇರುವಾಗಿನ ಲೆಕ್ಕ. ಕೇಬಲ್ ಪದರದ ಮೇಲೆ ಪದರ ಸುತ್ತಿಕೊಂಡ ಹಾಗೆ ಡ್ರಮ್ ದಪ್ಪವಾಗುತ್ತದೆ, ಎಳೆಯುವ ಶಕ್ತಿ ಇಳಿಯುತ್ತದೆ. ಟ್ರಾಲಿ ದಂಡೆ ಹತ್ತಿ ಬರುವ ಕೊನೇ ನಾಲ್ಕು ಮಾರು ಹಿಡಿಕೆ ತಿರುಗಿಸುವಾಗ ರಟ್ಟೆಗೆ ಗೊತ್ತಾಗುತ್ತದೆ.

ಕೇಬಲ್ ಹರಿದದ್ದು 2022ರ ಜುಲೈನಲ್ಲಿ. ನೀರು ಬಿಡುತ್ತಾರೆ ಅಂತ ಡಂಗುರ ಆಗಿತ್ತು. ಟ್ರಾಲಿ ಅರ್ಧ ಮೇಲೆ ಬಂದಿದೆ, 'ಟಿಣ್' ಅಂತ ತೆಳ್ಳಗೆ ಒಂದು ಸದ್ದು, ಮರುಗಳಿಗೆ ಕೇಬಲ್ ಹಾವಿನ ಹಾಗೆ ಹಾರಿ ಬಂದು ಕಂಬಕ್ಕೆ ಬಡಿಯಿತು. ನಾನು ಪಕ್ಕಕ್ಕೆ ನಿಂತಿದ್ದೆ, ಪುಣ್ಯ. ಕೇಬಲ್ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ, ಮಕ್ಕಳನ್ನಂತೂ ಆ ಕಡೆ ಬಿಡಲೇಬೇಡಿ. ಮೋಟರು ಬಂದ ದಾರಿಯಲ್ಲೇ ವಾಪಸ್ ಜಾರಿ ಹೊಳೆಗೆ ಬಿತ್ತು. ಎರಡು ದಿನ ಬಿಟ್ಟು ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು, ಆಮೇಲೆ ರಿವೈಂಡಿಂಗ್. ಆ ಖರ್ಚಿನಲ್ಲಿ ಇನ್ನೊಂದು ವಿಂಚ್ ಬರುತ್ತಿತ್ತು.

ಹರಿದ ತುದಿ ನೋಡಿದರೆ ಸವೆದ ಕಸಬರಿಗೆ. ಬೆರಳಲ್ಲಿ ತಿಕ್ಕಿದರೆ ಒಳಗಿಂದ ಕಾಫಿಪುಡಿಯಂಥ ತುಕ್ಕು ಉದುರಿತು. ಅದೇ ಕೇಬಲ್ ಮೇಲ್ಗಡೆ ಹೊಸದರ ಹಾಗೆ ಮಿರಮಿರ ಅನ್ನುತ್ತಿತ್ತು, ಯಾಕೆಂದರೆ ತಿಂಗಳಿಗೊಮ್ಮೆ ಗ್ರೀಸ್ ಹಚ್ಚುತ್ತಿದ್ದೆ.

ನನ್ನ ಸೋದರಳಿಯ ಗೋವಾದಲ್ಲಿ ಸಣ್ಣ ದೋಣಿಗಳ ರಿಪೇರಿ ಮಾಡುತ್ತಾನೆ. ಅಲ್ಲಿ ಕೆಲವು ಹಾಯಿದೋಣಿಗಳ ಹೊಟ್ಟೆಯಡಿ ಕೀಲ್ ಅಂತ ಭಾರದ ಒಂದು ಹಲಗೆ ಇರುತ್ತದಂತೆ. ಗಾಳಿಗೆ ದೋಣಿ ಮಗುಚದಂತೆ ಅದು ಕೆಳಗಿರಬೇಕು, ದಡಕ್ಕೆ ಬರುವಾಗ ಮೇಲೆತ್ತಬೇಕು. ಎತ್ತುವುದು ಇಂಥದ್ದೇ ವಿಂಚ್, ಇಂಥದ್ದೇ ಕೇಬಲ್. ಫೋಟೋ ಕಳಿಸಿದೆ. ಫೋನಿನಲ್ಲೇ ನಕ್ಕ.

"ಮಾವ, ನೀ ಗ್ರೀಸ್ ಹಚ್ಚಿದ್ದು ಕಣ್ಣಿಗೆ ಕಾಣೋ ಕಡಿ ಅಷ್ಟ. ಹರಿಯೋದು ಯಾವಾಗಲೂ ನೀರಾಗ ಇರೋ ತುದಿ, ಕ್ಲಿಪ್ ಬುಡಕ್ಕ. ನಮ್ಮ ಕೀಲ್ ಕೇಬಲ್ಲೂ ಅಲ್ಲೇ ಹೋಗ್ತಾವು."

ಇನ್ನೊಂದು ತಪ್ಪೂ ಅವನೇ ಹಿಡಿದ. ಕೇಬಲ್ ತುದಿ ಮಡಚಿ ಕುಣಿಕೆ ಮಾಡಿ ಬಿಗಿಯುವ ಯು ಆಕಾರದ ಕ್ಲಿಪ್ಪುಗಳನ್ನು ಉಲ್ಟಾ ಹಾಕಿದ್ದೆ. ನಟ್ ಕೂರುವ ದಪ್ಪ ತುಂಡು ಭಾರ ಎಳೆಯುವ ಉದ್ದ ಕೇಬಲ್ ಮೇಲೆ ಬರಬೇಕು, ಯು ಬೋಲ್ಟ್ ಮಡಚಿದ ಗಿಡ್ಡ ತುದಿಯ ಮೇಲೆ. "ನೊಗ ಎಳಿಯೋ ಎತ್ತಿಗೆ ಹಾಕ್ತಿಯೋ, ಕಟ್ಟಿಹಾಕಿದ್ದಕ್ಕೋ?" ಅಂದ. ಉಲ್ಟಾ ಹಾಕಿದರೆ ಯು ಬೋಲ್ಟು ದುಡಿಯುವ ಎಳೆಗಳನ್ನೇ ಜಜ್ಜುತ್ತದೆ. ನನ್ನದರಲ್ಲಿ ಜಜ್ಜಿದ ಗುರುತು ಎದ್ದು ಕಾಣುತ್ತಿತ್ತು.

ಹೊಸದಾಗಿ 6 ಮಿಮೀನ 7×19 ಕೇಬಲ್ ತಂದೆ. ಹತ್ತೊಂಬತ್ತು ತಂತಿಯ ಏಳು ಎಳೆ, ಒಟ್ಟು 133 ತಂತಿ. ಸುಲಭವಾಗಿ ಬಾಗುತ್ತದೆ, ಡ್ರಮ್ ಮೇಲೆ ನೀಟಾಗಿ ಕೂರುತ್ತದೆ. ಕತ್ತರಿಸುವ ಮುಂಚೆ ಎರಡೂ ಬದಿಗೆ ಬೈಂಡಿಂಗ್ ವಾಯರ್ ಬಿಗಿದೆ, ಇಲ್ಲದಿದ್ದರೆ ಎಳೆ ಬಿಚ್ಚಿ ಹೂವಾಗುತ್ತದೆ. ಕುಣಿಕೆಯೊಳಗೆ ಥಿಂಬಲ್, ಅಂದರೆ ಕೇಬಲ್ ಸವೆಯದಂತೆ ಕೂರಿಸುವ ಲೋಹದ ಬಳೆ, ಮೇಲೆ ಮೂರು ಕ್ಲಿಪ್. ಒಂದು ಸಲ ಭಾರ ಎಳೆದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡಿದೆ. ಮುಖ್ಯ ಬದಲಾವಣೆ ಅಂದರೆ, ಟ್ರಾಲಿಗೂ ಕೇಬಲ್‌ಗೂ ನಡುವೆ ಎರಡು ಮೀಟರ್ ಚೈನ್ ಹಾಕಿದ್ದು. ಈಗ ನೀರಿನಲ್ಲಿ ನೆನೆಯುವುದು ಚೈನು. ಅದಕ್ಕೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಕೇಬಲ್ ಹಾಗೆ ಒಳಗೊಳಗೇ ತಿನ್ನುವುದಿಲ್ಲ. ವರ್ಷಕ್ಕೊಮ್ಮೆ ಭತ್ತದ ಕೊಯ್ಲಾದ ಮೇಲೆ ಕೇಬಲ್ ತುದಿಯ ಒಂದಡಿ ಕತ್ತರಿಸಿ ಬಿಸಾಕಿ ಕ್ಲಿಪ್ ಮತ್ತೆ ಹಾಕುತ್ತೇನೆ. ಹಳೇ ಬಟ್ಟೆ ಹಿಡಿದು ಕೇಬಲ್ ಉದ್ದಕ್ಕೂ ಎಳೆಯುತ್ತೇನೆ. ಎಲ್ಲಾದರೂ ದಾರ ಸಿಕ್ಕಿಕೊಂಡರೆ ಅಲ್ಲಿ ತಂತಿ ಹರಿದಿದೆ ಅಂತ ಲೆಕ್ಕ.

ಇದಕ್ಕೆ ನಿಜವಾದ ಪರೀಕ್ಷೆ 2024ರ ಆಗಸ್ಟ್ 10ರ ರಾತ್ರಿ. ಡ್ಯಾಮಿನ 19ನೇ ಗೇಟಿನ ಚೈನೇ ಹರಿದು ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಫೋನ್ ಬಂದ ಕೂಡಲೇ ನಾನೂ ಮಗನೂ ಬ್ಯಾಟರಿ ಹಿಡಿದು ದಂಡೆಗೆ ಓಡಿದೆವು. ಇಪ್ಪತ್ತು ನಿಮಿಷದಲ್ಲಿ ಮೋಟರು ಮೇಲಿತ್ತು. ಬೆಳಗ್ಗೆ ನೋಡಿದರೆ ಟ್ರಾಲಿ ನಿಂತಿದ್ದ ಜಾಗ ಕಾಣಲಿಲ್ಲ.

ವಿಂಚ್ ಮೇಲಿನ ದೂರು ಎರಡು. ಬ್ರೇಕ್ ಇಲ್ಲ, ಡ್ರಮ್ ಹಿಂದಕ್ಕೆ ತಿರುಗದಂತೆ ಹಲ್ಲಿಗೆ ಸಿಕ್ಕಿ ಹಿಡಿಯುವ ರಾಚೆಟ್ ಒಂದೇ. ಇಳಿಸುವಾಗ ಅದನ್ನು ಎತ್ತಿದ ಕೂಡಲೇ ಹಿಡಿಕೆ ಗಿರ್ರನೆ ತಿರುಗುತ್ತದೆ. ಒಮ್ಮೆ ಮಣಿಕಟ್ಟಿಗೆ ಬಿದ್ದು ಹದಿನೈದು ದಿನ ಊಟಕ್ಕೆ ಎಡಗೈ. ಈಗ ಕೊಳ್ಳುವವರು ತಾನಾಗಿ ಬ್ರೇಕ್ ಹಿಡಿಯುವಂಥದ್ದನ್ನೇ ತೆಗೆದುಕೊಳ್ಳಿ, ಸ್ವಲ್ಪ ದುಡ್ಡು ಹೆಚ್ಚಾದರೂ ಸರಿ. ಇನ್ನೊಂದು, ಹಿಡಿಕೆಯ ಪ್ಲಾಸ್ಟಿಕ್ ಎರಡನೇ ಬೇಸಿಗೆಗೇ ಬಿರಿದು ಹೋಯಿತು. ಅಲ್ಲಿಂದ ಸೈಕಲ್ ಟ್ಯೂಬ್ ಸುತ್ತಿಕೊಂಡೇ ನಡೆಸುತ್ತಿದ್ದೇನೆ.