ಸಿನಿಮಾಗೆ ರೇಟಿಂಗ್ ಕೊಟ್ರೆ ದುಡ್ಡು ಅಂತ ಮೆಸೇಜ್ ಬಂದ್ರೆ ನಂಬಬೇಡಿ, ನಂದು 67 ಸಾವಿರ ಹೋಯ್ತು

ಇದನ್ನ ಬರೀಬೇಕೋ ಬೇಡ್ವೋ ಅಂತ ಮೂರು ವಾರದಿಂದ ಒದ್ದಾಡ್ತಿದೀನಿ. ನಾನು ಸೋಮವಾರಪೇಟೆ ಕಡೆಯವಳು, ಊರು ಚಿಕ್ಕದು, ಯಾರು ಬರೆದಿದ್ದು ಅಂತ ನಮ್ಮ ಕಡೆಯವರಿಗೆ ಗೊತ್ತಾಗೇ ಆಗುತ್ತೆ. ಆಗ್ಲಿ ಬಿಡಿ. ಮೊನ್ನೆ ಸಂಘದ ಮೀಟಿಂಗಲ್ಲಿ ಒಬ್ರು ಅಕ್ಕ "ನಂಗೂ ಸಿನಿಮಾ ರೇಟಿಂಗ್ ಕೊಡೋ ಕೆಲಸ ಬಂದಿದೆ ಕಣೇ, ದಿನಕ್ಕೆ ಎರಡು ಸಾವಿರ ಅಂತೆ" ಅಂದಾಗ ನನ್ನ ಎದೆ ಧಸಕ್ ಅಂತು. ಅವರಿಗೆ ಅಲ್ಲೇ ಹೇಳಿದೆ, ಎಲ್ಲರ ಮುಂದೆನೇ ಹೇಳಿದೆ. ಅಲ್ಲಿ ಹೇಳಿದ ಮೇಲೆ ಇಲ್ಲಿ ಹೇಳೋಕೆ ಏನು ನಾಚಿಕೆ.

ನಂಗೆ ಸಿನಿಮಾ ಅಂದ್ರೆ ಪ್ರಾಣ. ನಮ್ಮನೆಯವರು ತೋಟದಲ್ಲಿ ರೈಟರ್, ಅಂದ್ರೆ ಕೆಲಸದವರ ಲೆಕ್ಕ ಬರೆಯೋರು, ಬೆಳಿಗ್ಗೆ ಹೋದ್ರೆ ಸಂಜೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದ್ರೆ ಎರಡು ಮೂರು ದಿನ ಬರಲ್ಲ, ಅದಕ್ಕೆ ಕರೆಂಟ್ ಇದ್ದಾಗ್ಲೇ ಫೋನಿಗೆ ಸಿನಿಮಾ ಡೌನ್‌ಲೋಡ್ ಮಾಡಿ ಇಟ್ಕೊಂಡು ರಾತ್ರಿ ನೋಡ್ತೀನಿ. ನೋಡಿದ ಮೇಲೆ ಸ್ಟೇಟಸ್ ಹಾಕ್ತೀನಿ, ಫಸ್ಟ್ ಹಾಫ್ ಎಳೀತಾರೆ, ಅಮ್ಮನ ಪಾತ್ರ ಮಾಡಿದವರು ಚೆನ್ನಾಗಿ ಮಾಡಿದಾರೆ, ಫೈಟ್ ಜಾಸ್ತಿ ಆಯ್ತು, 10ಕ್ಕೆ 6, ಹೀಗೆ. ನಾಲ್ಕೈದು ವರ್ಷದಿಂದ ಹಾಕ್ತಿದೀನಿ. ನೆಂಟರೆಲ್ಲ ಫೋನ್ ಮಾಡಿ ಕೇಳ್ತಾರೆ, ಅದು ಹೆಂಗಿದೆ ಇದು ಹೆಂಗಿದೆ ಅಂತ. ಯಾಕಂದ್ರೆ ಥಿಯೇಟರಲ್ಲಿ ನೋಡಬೇಕು ಅಂದ್ರೆ ನಾವು ಮೈಸೂರಿಗೇ ಹೋಗೋದು, ನಾಲ್ಕು ಜನ ಹೋದ್ರೆ ಬಸ್ಸು ಟಿಕೆಟ್ ಊಟ ಅಂತ ಎರಡೂವರೆ ಸಾವಿರ ಆಗುತ್ತೆ, ಅಷ್ಟು ಖರ್ಚು ಮಾಡಿ ಕೆಟ್ಟ ಸಿನಿಮಾ ನೋಡಿ ಬಂದ್ರೆ ಯಾರಿಗೆ ಬೇಜಾರಾಗಲ್ಲ ಹೇಳಿ. ಅದಕ್ಕೆ ನಾನು ಮಾರ್ಕ್ಸ್ ಕೊಡೋದ್ರಲ್ಲಿ ತುಂಬಾ ಸ್ಟ್ರಿಕ್ಟ್. ನೋಡದೇ ಇರೋ ಸಿನಿಮಾಗೆ ಯಾವತ್ತೂ ಒಂದು ಮಾರ್ಕ್ಸ್ ಕೊಟ್ಟವಳಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಆಗಸ್ಟಲ್ಲಿ ಒಂದು ದಿನ ವಾಟ್ಸಾಪಿಗೆ ಗೊತ್ತಿಲ್ದೇ ಇರೋ ನಂಬರಿಂದ ಮೆಸೇಜ್ ಬಂತು. ಡಿಪಿಲಿ ಒಬ್ಬಳು ಹುಡುಗಿ, ಕೋಟು ಹಾಕಿದಾಳೆ. ಎಲ್ಲರಿಗೂ ಗೊತ್ತಿರೋ ಒಂದು ಕಂಪನಿ ಹೆಸರು ಹೇಳಿ ಅದರ ಫಿಲಂ ಪ್ರಮೋಷನ್ ವಿಭಾಗ ಅಂದ್ಲು. ಆ ಕಂಪನಿಗೂ ಇವರಿಗೂ ಸಂಬಂಧನೇ ಇಲ್ಲ, ಅದು ಆಮೇಲೆ ಗೊತ್ತಾಗಿದ್ದು, ಅದಕ್ಕೆ ಹೆಸರು ಬರೀತಿಲ್ಲ. ಹೊಸ ಸಿನಿಮಾಗಳಿಗೆ ವೀಕ್ಷಕರ ಅಭಿಪ್ರಾಯ ಬೇಕು, ನಿಮಗೆ ಸಿನಿಮಾ ಆಸಕ್ತಿ ಇದೆಯಾ, ಒಂದು ರೇಟಿಂಗಿಗೆ 50 ರೂಪಾಯಿ. ಅಷ್ಟೇ. ನನ್ನ ಅಭಿಪ್ರಾಯಕ್ಕೆ ಯಾರೋ ದುಡ್ಡು ಕೊಡ್ತಾರೆ ಅಂದಾಗ ಖುಷಿ ಆಯ್ತು, ಸುಳ್ಳು ಹೇಳಲ್ಲ. ಅವಳು ಆ ಮೆಸೇಜನ್ನ ಸಾವಿರ ಜನಕ್ಕೆ ಕಳಿಸಿರ್ತಾಳೆ, ನಾನು ಮಾತ್ರ ನನ್ನ ಸ್ಟೇಟಸ್ ಯಾರೋ ನೋಡಿ ಹೇಳಿರಬೇಕು ಅಂದ್ಕೊಂಡೆ.

ನಂಬಿದ್ದಕ್ಕೆ ಇನ್ನೊಂದು ಕಾರಣನೂ ಇದೆ. ದುಡ್ಡು ಕೊಟ್ಟು ರೇಟಿಂಗ್ ಹಾಕಿಸ್ತಾರೆ ಅನ್ನೋದು ನಾವೆಲ್ಲ ಕೇಳಿರೋ ಮಾತೇ. ಒಬ್ಬ ಹೀರೋ ಕಡೆಯವರು ಇನ್ನೊಬ್ಬ ಹೀರೋ ಸಿನಿಮಾಗೆ ರಿಲೀಸ್ ದಿನ ಬೆಳಿಗ್ಗೆನೇ 10ಕ್ಕೆ 1 ಹಾಕೋದು, ಇವರ ಕಡೆಯವರು 10 ಹಾಕೋದು. ಈ ಹಾವಳಿಗೆ ನಿರ್ಮಾಪಕರು ಕೋರ್ಟಿಗೆ ಹೋಗಿ ಎಷ್ಟೋ ಕನ್ನಡ ಸಿನಿಮಾಗಳಿಗೆ ಟಿಕೆಟ್ ಆಪಲ್ಲಿ ರೇಟಿಂಗೇ ಇಲ್ಲದಂಗೆ ಆಗಿದೆ, ಕೋರ್ಟ್ ಆದೇಶದ ಮೇರೆಗೆ ನಿಲ್ಲಿಸಲಾಗಿದೆ ಅಂತ ಬರ್ದಿರುತ್ತೆ, ನೀವೂ ನೋಡಿರ್ತೀರ. ಹಂಗಾಗಿ ಇಂಥ ಕೆಲಸ ಇರಬಹುದು ಅನ್ನಿಸ್ತು. ಸರಿಯಾಗಿ ಯೋಚನೆ ಮಾಡಿದ್ರೆ ಐಎಂಡಿಬಿ ಅನ್ನೋ ಸಿನಿಮಾ ರೇಟಿಂಗ್ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಅಕೌಂಟ್ ಮಾಡ್ಕೊಂಡು 1ರಿಂದ 10ರ ತನಕ ಫ್ರೀಯಾಗಿ ರೇಟಿಂಗ್ ಕೊಡಬಹುದು, ಕೊಡೋರಿಗೆ ಅವರು ನಯಾಪೈಸೆ ಕೊಡಲ್ಲ. ಅದು ನಂಗೆ ಗೊತ್ತಿದ್ದಿದ್ದೇ!

ಸರಿ, ಟೆಲಿಗ್ರಾಮ್ ಗ್ರೂಪಿಗೆ ಸೇರಿಸಿದ್ರು. ಮೂರು ಪೋಸ್ಟರ್ ಕಳಿಸಿ ಐದು ಸ್ಟಾರ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸಿ ಅಂದ್ರು. ನಾನು ಕೇಳಿದೆ, ಈ ಮೂರೂ ನಾನು ನೋಡಿಲ್ಲ, ನೋಡಿ ಆಮೇಲೆ ಕೊಡ್ಲಾ ಅಂತ. ಬಂದ ಉತ್ತರ ಹಂಗಂಗೇ ಬರೀತೀನಿ: "ಆತ್ಮೀಯ ಮೇಡಂ, ಚಲನಚಿತ್ರವನ್ನು ವೀಕ್ಷಿಸುವ ಅಗತ್ಯವಿಲ್ಲ. ಕೇವಲ ಐದು ನಕ್ಷತ್ರಗಳನ್ನು ಒತ್ತಿರಿ."

ಅಲ್ಲೇ ನಿಲ್ಲಿಸಬೇಕಿತ್ತು. ನನ್ನ ಅಭಿಪ್ರಾಯ ಬೇಕು ಅಂತ ಕರೆದವರು ನೋಡೋದೇ ಬೇಡ ಅಂತಿದಾರೆ ಅಂದ್ರೆ ಏನರ್ಥ. ರೇಟಿಂಗೂ ಬೇಡ ಅವರಿಗೆ, ಸಿನಿಮಾನೂ ಬೇಡ. ನಾನು ಒತ್ತಿದೆ. ನೋಡದೇ ಇರೋ ಸಿನಿಮಾಗೆ ಐದು ಸ್ಟಾರ್ ಒತ್ತಿದೆ. 150 ರೂಪಾಯಿ ಐದೇ ನಿಮಿಷದಲ್ಲಿ ಬಂತು, ನಿಜವಾಗ್ಲೂ ಅಕೌಂಟಿಗೆ ಬಂತು.

ಮಾರನೇ ದಿನ 'ಪ್ರೀಪೇಯ್ಡ್ ಟಾಸ್ಕ್'. 1,000 ಹಾಕಿ, 1,300 ವಾಪಸ್. ಬಂತು. ಅದರ ಮಾರನೇ ದಿನ 3,000 ಹಾಕಿದೆ, 3,900 ಬಂತು. ಇಷ್ಟರಲ್ಲಿ ಅವರದ್ದೇ ಒಂದು ವೆಬ್‌ಸೈಟಲ್ಲಿ ನನ್ನ ಹೆಸರಲ್ಲಿ ಅಕೌಂಟ್ ಮಾಡಿಸಿದ್ರು, ಅದ್ರಲ್ಲಿ 30 ಸಿನಿಮಾದು ಒಂದು ಸೆಟ್, ಒಂದೊಂದೇ ರೇಟಿಂಗ್ ಒತ್ತುತ್ತಾ ಹೋದ್ರೆ ಕಮಿಷನ್ ಸೇರ್ತಾ ಹೋಗುತ್ತೆ. ಗ್ರೂಪಲ್ಲಿ ಐವತ್ತು ಅರವತ್ತು ಜನ, ಎಲ್ಲರೂ ದಿನಾ ಇಷ್ಟು ಬಂತು ಅಷ್ಟು ಬಂತು ಅಂತ ಸ್ಕ್ರೀನ್‌ಶಾಟ್ ಹಾಕೋರು. ಒಬ್ಬಳು ಮೈಸೂರಿನವಳು ಅಂತ ಪರಿಚಯ ಮಾಡ್ಕೊಂಡ್ಲು, ಅಕ್ಕ ಅಕ್ಕ ಅಂತ ದಿನಾ ಮೆಸೇಜ್ ಮಾಡ್ತಿದ್ಲು, ಮಗು ಊಟ ಮಾಡ್ತಾ ಅಂತ ಕೇಳ್ತಿದ್ಲು.

ನಾಲ್ಕನೇ ದಿನ 8,000 ಹಾಕಿ ಸೆಟ್ ಶುರು ಮಾಡಿದೆ. 17ನೇ ಸಿನಿಮಾ ಒತ್ತಿದ ತಕ್ಷಣ ಸ್ಕ್ರೀನ್ ಮೇಲೆ 'ಕಾಂಬೋ ಟಿಕೆಟ್' ಅಂತ ಬಂದು ನನ್ನ ಬ್ಯಾಲೆನ್ಸ್ ಮೈನಸ್ 14,500 ಆಯ್ತು, ಕೆಂಪಕ್ಷರದಲ್ಲಿ. ಏನಿದು ಅಂದೆ. "ಅಭಿನಂದನೆಗಳು ಮೇಡಂ, ನೀವು ಅದೃಷ್ಟವಂತರು. ಸಂಯೋಜಿತ ಟಿಕೆಟ್‌ಗೆ ಆರು ಪಟ್ಟು ಕಮಿಷನ್ ದೊರೆಯುತ್ತದೆ. ದಯವಿಟ್ಟು ಋಣಾತ್ಮಕ ಮೊತ್ತವನ್ನು ಭರ್ತಿ ಮಾಡಿ." ನಂಗೆ ಬೇಡ, ನನ್ನ 8,000 ವಾಪಸ್ ಕೊಡಿ ಅಂದೆ. "30 ಪೂರ್ಣಗೊಳಿಸದೆ ಹಿಂಪಡೆಯಲು ಸಾಧ್ಯವಿಲ್ಲ. 30 ನಿಮಿಷಗಳು ಉಳಿದಿವೆ."

ಆವತ್ತು ಜೋರು ಮಳೆ, ಸ್ಕೂಲಿಗೆ ರಜೆ ಕೊಟ್ಟಿದ್ರು, ಮನೇಲಿ ಸಿಗ್ನಲ್ ಒಂದು ಕಡ್ಡಿನೂ ಇಲ್ಲ. ನಮ್ಮನೆ ಮೇಲೆ ತೋಟದ ಗೇಟ್ ಹತ್ರ ಹೋದ್ರೆ ಸಿಗುತ್ತೆ. ಛತ್ರಿ ಹಿಡ್ಕೊಂಡು ಕೆಸರಲ್ಲಿ ಓಡಿದೆ, ಅಲ್ಲಿ ನಿಂತು ದುಡ್ಡು ಹಾಕಿದೆ. ಯೋಚನೆ ಮಾಡೋಕೆ ಟೈಮೇ ಕೊಡಲ್ಲ ಅವರು, ಆ ಗಡಿಯಾರ ಇಟ್ಟಿರೋದೇ ಅದಕ್ಕೆ, ಈಗ ಅರ್ಥ ಆಗುತ್ತೆ. 26ನೇ ಸಿನಿಮಾಗೆ ಮತ್ತೆ ಕಾಂಬೋ. ಮೈನಸ್ 46,000. ಕೈಕಾಲು ತಣ್ಣಗಾಯ್ತು. ಅಳ್ತಾ ಆ ಮೈಸೂರಿನವಳಿಗೆ ಮೆಸೇಜ್ ಮಾಡಿದೆ. ಅವಳು ಹೇಳಿದ್ದು, ಅಕ್ಕ ಹೆದ್ರಬೇಡಿ, ನಂಗೂ ಹಿಂಗೇ ಆಗಿತ್ತು, ನಾನು ಬಳೆ ಅಡ ಇಟ್ಟು ಕಟ್ಟಿದೆ, ಸಂಜೆಗೆ ಒಂದು ಲಕ್ಷದ ಮೇಲೆ ಬಂತು, ಗಂಡನಿಗೆ ಈಗ್ಲೇ ಹೇಳಬೇಡಿ, ಬಂದ ಮೇಲೆ ಹೇಳಿ ಖುಷಿ ಪಡ್ತಾರೆ. ದುಡ್ಡು ಹೋಗಿದ್ದಕ್ಕಿಂತ ಇದು ನಂಗೆ ಹೆಚ್ಚು ಉರೀತಿದೆ. ಅಕ್ಕ ಅಂತ ಕರೆದು, ಮಗು ಊಟ ಮಾಡ್ತಾ ಅಂತ ಕೇಳಿ, ಗಂಡನಿಗೆ ಹೇಳಬೇಡಿ ಅಂತ ಹೇಳ್ಕೊಡ್ತಾರಲ್ಲ, ಇವರಿಗೂ ಮನೇಲಿ ಅಮ್ಮ ಅಕ್ಕ ಇಲ್ವಾ.

30,000 ಕರಿಮೆಣಸು ಮಾರಿದ ದುಡ್ಡು ನನ್ನ ಅಕೌಂಟಲ್ಲಿತ್ತು, ಮಗಳ ಫೀಸಿಗೆ ಅಂತ ಇಟ್ಟಿದ್ದು. 16,000 ಚಿಕ್ಕಮ್ಮನ ಹತ್ರ ಸುಳ್ಳು ಹೇಳಿ ಗೂಗಲ್ ಪೇ ಹಾಕಿಸ್ಕೊಂಡೆ. ಒಂದೊಂದು ಸಲನೂ ಬೇರೆ ಬೇರೆ ಅಕೌಂಟ್ ಕೊಡ್ತಿದ್ರು, ಒಂದು ಸಲ ಯಾರೋ ಗಂಡಸಿನ ಹೆಸರು, ಒಂದು ಸಲ ಟ್ರೇಡರ್ಸ್, ಒಂದು ಸಲ ಹಣ್ಣಿನ ಅಂಗಡಿ ಹೆಸರು. ಸಿನಿಮಾ ಕಂಪನಿಗೆ ಹಣ್ಣಿನ ಅಂಗಡಿ ಅಕೌಂಟ್ ಯಾಕೆ ಅಂತ ಕೇಳಿದ್ದಕ್ಕೆ "ತೆರಿಗೆ ಕಾರಣದಿಂದ ವ್ಯಾಪಾರಿ ಖಾತೆ ಪ್ರತಿದಿನ ಬದಲಾಗುತ್ತದೆ" ಅಂದ್ರು. ಹಾಕಿದೆ.

30 ಮುಗೀತು. ಬ್ಯಾಲೆನ್ಸ್ 92,460 ತೋರಿಸ್ತು. ವಿತ್‌ಡ್ರಾ ಒತ್ತಿದೆ. ನಿಮ್ಮ ಕ್ರೆಡಿಟ್ ಸ್ಕೋರ್ 82 ಇದೆ, ತಡವಾಗಿ ಟಾಸ್ಕ್ ಮಾಡಿದ್ದಕ್ಕೆ ಕಮ್ಮಿ ಆಗಿದೆ, 100 ಆಗಬೇಕು, ಒಂದು ಪಾಯಿಂಟಿಗೆ 2,000, ಒಟ್ಟು 36,000 ಕಟ್ಟಿ. ನಾನು ಕೇಳಿದೆ, ನನ್ನ 92 ಸಾವಿರ ನಿಮ್ಮ ಹತ್ರನೇ ಇದೆಯಲ್ಲ, ಅದ್ರಲ್ಲೇ ಹಿಡ್ಕೊಂಡು ಮಿಕ್ಕಿದ್ದು ಕೊಡಿ. "ನಿಯಮದಲ್ಲಿ ಅವಕಾಶವಿಲ್ಲ." ಬರೀ ನಾನು ಹಾಕಿದ್ದು ಕೊಡಿ ಸಾಕು. "ನಿಯಮದಲ್ಲಿ ಅವಕಾಶವಿಲ್ಲ." ಅರ್ಧ ಕೊಡಿ. "ನಿಯಮದಲ್ಲಿ ಅವಕಾಶವಿಲ್ಲ." ಗೇಟ್ ಹತ್ರ ಮಳೇಲಿ ನಿಂತು ಇದನ್ನೇ ಓದ್ತಿದೀನಿ, ಛತ್ರಿ ಕೆಳಗೆ ಬಿದ್ದಿದ್ದೂ ಗೊತ್ತಾಗಿಲ್ಲ. ಆ ನಂಬರ್ ಬರೀ ಸ್ಕ್ರೀನ್ ಮೇಲೆ ಬರ್ದಿರೋದು, ದುಡ್ಡಲ್ಲ ಅಂತ ಆಗ ಹೊಳೀತು. ಮೈಸೂರಿನವಳಿಗೆ ಕೇಳಿದೆ, ನೀನು ಮೈಸೂರಲ್ಲಿ ಎಲ್ಲಿ ಅಂತ. "ಮೈಸೂರು ನಗರ" ಅಂದ್ಲು. ಯಾವ ಏರಿಯಾ? "ಮುಖ್ಯ ರಸ್ತೆಯ ಬಳಿ." ಮೈಸೂರು ನೋಡಿರೋರು ಯಾರಾದ್ರೂ ಹಿಂಗೆ ಹೇಳ್ತಾರಾ. ಪೊಲೀಸಿಗೆ ಹೋಗ್ತೀನಿ ಅಂತ ಗ್ರೂಪಲ್ಲಿ ಬರೆದೆ, ಒಂದು ನಿಮಿಷ ಆಗಿಲ್ಲ, ತೆಗೆದುಹಾಕಿದ್ರು.

ಕೊನೇ ಸೆಟ್ಟಿಗೆ ಹಾಕಿದ್ದು 68,500. ಮೊದಲು ಲಾಭ ಅಂತ ಬಂದಿದ್ದು 1,350. ಹೋಗಿದ್ದು 67,150. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಆಗಿನ ರೇಟಲ್ಲಿ ಹತ್ರ ಹತ್ರ ಒಂದು ಕ್ವಿಂಟಾಲ್ ಕರಿಮೆಣಸು. ಏಣಿ ಹತ್ತಿ ಕುಯ್ದು, ಒಣಗಿಸಿ, ಮೂಟೆ ಕಟ್ಟಿದ್ದು ಕಣ್ಣ ಮುಂದೆ ಬರುತ್ತೆ.

ಇನ್ನೊಂದು ದೊಡ್ಡ ತಪ್ಪು, ನಾನು ಒಂದೂವರೆ ದಿನ ಯಾರಿಗೂ ಹೇಳದೆ ಅಳ್ತಾ ಕೂತಿದ್ದೆ. ಕುಶಾಲನಗರದಲ್ಲಿ ಓದ್ತಿರೋ ಚಿಕ್ಕಮ್ಮನ ಮಗ ಆ 16,000ದ ವಿಷಯ ಕೇಳೋಕೆ ಫೋನ್ ಮಾಡಿದಾಗ ಬಾಯ್ಬಿಟ್ಟೆ. ಅವನು ಬೈಲಿಲ್ಲ, "ಅಕ್ಕ ಮೊದ್ಲು 1930ಕ್ಕೆ ಫೋನ್ ಮಾಡು, ಆಮೇಲೆ ಅಳು" ಅಂದ. 1930 ಸೈಬರ್ ಸಹಾಯವಾಣಿ, ಯಾವ ಅಕೌಂಟಿಂದ ಯಾವುದಕ್ಕೆ ಹೋಯ್ತು, ಎಷ್ಟು, ಎಷ್ಟೊತ್ತಿಗೆ, ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಬ್ಯಾಂಕಿಂದ ಬರೋ ನಂಬರ್) ಎಲ್ಲ ಕೇಳಿದ್ರು. ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ಅನ್ನೋದ್ರಲ್ಲೂ ಕಂಪ್ಲೇಂಟ್ ಹಾಕಿ, ಮಡಿಕೇರಿಯ ಸೆನ್ ಠಾಣೆಗೂ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಹೋಗಿ ಬಂದ್ವಿ. ಅಲ್ಲಿ ಒಬ್ರು ಸಾಹೇಬ್ರು ಕೂರಿಸಿ ಸಮಾಧಾನ ಹೇಳಿದ್ರು. ಒಂದು ಅಕೌಂಟಲ್ಲಿ 11,200 ಹೋಲ್ಡ್ ಆಗಿದೆಯಂತೆ, ಅದು ಇನ್ನೂ ಕೈಗೆ ಬಂದಿಲ್ಲ. ಉಳಿದಿದ್ದು ಆಗಲೇ ಎಲ್ಲೆಲ್ಲಿಗೋ ಹೋಗಿ ತೆಗ್ದಾಗಿದೆ. ಅದೇ ಗಂಟೆಲಿ ಫೋನ್ ಮಾಡಿದ್ರೆ ಇನ್ನೂ ಸ್ವಲ್ಪ ಸಿಗ್ತಿತ್ತೋ ಏನೋ.

ನಮ್ಮನೆಯವರಿಗೆ ಹೇಳಿದಾಗ ತುಂಬಾ ಹೊತ್ತು ಮಾತಾಡಿಲ್ಲ. ಆಮೇಲೆ "ನಂಗೆ ಮೊದ್ಲೇ ಯಾಕೆ ಹೇಳ್ಲಿಲ್ಲ" ಅಂತ ಒಂದೇ ಮಾತು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ದುಡ್ಡು ಬರೋಕೆ ದುಡ್ಡು ಹಾಕಿ ಅಂದ್ರೆ ಅಲ್ಲೇ ಬಿಟ್ಬಿಡಿ. ಮೊದಲು ಬರೋ 150, 300 ನಿಜವಾಗ್ಲೂ ಬರುತ್ತೆ, ಬಂತಲ್ಲ ಅಂತ ನಂಬಬೇಡಿ. ಗ್ರೂಪಲ್ಲಿರೋ ಐವತ್ತು ಜನದಲ್ಲಿ ನಿಮ್ಮಂಥವರು ನೀವೊಬ್ರೇ ಇರಬಹುದು. ಹೋದ ಮೇಲೆ ಕಳ್ಕೊಂಡ ದುಡ್ಡು ವಾಪಸ್ ಕೊಡಿಸ್ತೀವಿ, 5,000 ಫೀಸು ಅಂತ ಇನ್ನೊಬ್ಬರು ಬರ್ತಾರೆ, ನಂಗೆ ಈಗಾಗ್ಲೇ ಇಬ್ಬರು ಬಂದಿದಾರೆ, ಅವರೂ ಕಳ್ಳರೇ. ಮನೇಲಿ ಬೈತಾರೆ ಅಂತ ಮುಚ್ಚಿಡಬೇಡಿ, ಬೈದ್ರೆ ಬೈಸ್ಕೊಳ್ಳಿ.

ನಿನ್ನೆ ನಮ್ಮ ಅತ್ತೆ ಫೋನಿಗೂ ಅದೇ ಮೆಸೇಜ್ ಬಂದಿದೆ, ಅಕ್ಷರ ಅಕ್ಷರ ಅದೇ, ಡಿಪಿಲಿ ಮಾತ್ರ ಬೇರೆ ಹುಡುಗಿ. ಗುರುತಿಗೆ ಇರ್ಲಿ ಅಂತ ಕೆಳಗೆ ಹಾಕ್ತಿದೀನಿ, ನಿಮ್ಮನೇಲಿ ಫೋನ್ ಇರೋ ಎಲ್ಲರಿಗೂ ಓದಿ ಹೇಳಿ.

"ನಮಸ್ಕಾರ, ನಿಮ್ಮ ಕೆಲವು ನಿಮಿಷಗಳನ್ನು ತೆಗೆದುಕೊಳ್ಳಬಹುದೇ? ನಾವು ಹೊಸ ಚಲನಚಿತ್ರಗಳಿಗೆ ವೀಕ್ಷಕರ ಪ್ರಾಮಾಣಿಕ ಅಭಿಪ್ರಾಯವನ್ನು ಸಂಗ್ರಹಿಸುತ್ತಿದ್ದೇವೆ."